ಭಾಷೆ ಕೊಟ್ಟ ಭಾಷೆ

(ಬಾನುಲಿ ಭಾಷಣ)

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಇಂಥವನು ಗಣಕಯಂತ್ರದ ಭಾಷೆಗಳನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಕಳೆದ ವರ್ಷದವರೆಗೆ ಆ ಭಾಷೆಗಳಿಗೂ ನನಗೂ ಯಾವ ವ್ಯವಹಾರವೂ ಇರಲಿಲ್ಲ. ಒಂದು ದಿನ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ನನ್ನನ್ನು ಈ ದಾರಿಗೆ ಎಳೆಯಿತು. ಕೇಳಲು ಅದು ಸರಳವಾದ ಪ್ರಶ್ನೆ. ಬೆಳೆಯುತ್ತಿರುವ ಭಾಷೆಯೊಂದು ಬಲಿತಿದೆ ಎಂದು ಹೇಳುವುದು ಯಾವಾಗ? ಹೇಳುವ ಅಧಿಕಾರ ಯಾರದು?

ಬಂಗಾರಪೇಟೆಯನ್ನು ಬಲ್ಲವರಿಗೆ ಅಲ್ಲಿಯ ಮುಂಜಾನೆಯ ಗದ್ದಲ ಗೊತ್ತು. ಮಾರಿಕುಪ್ಪಂನಲ್ಲಿ ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬರುವ ರೈಲು ಇಲ್ಲಿಂದ ಬೆಂಗಳೂರಿನ ದಾರಿ ಹಿಡಿಯುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರುವುದು ಈ ರೈಲನ್ನು ನಂಬಿಕೊಂಡೇ. ಆ ದಿನ ನಾನೂ ಬೆಂಗಳೂರಿಗೆ ಹೊರಟಿದ್ದೆ. ಹಿಂದಿನಿಂದ ಯಾರೋ ‘ಸಾರ್’ ಎಂದರು. ತಿರುಗಿ ನೋಡಿದರೆ ಈ ಹುಡುಗ. ಹುಡುಗನೆಂದರೂ ಈಗ ನಲವತ್ತರ ಸಮೀಪದವನು. ಮನೆಮಾತು ತಮಿಳು, ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಪದವಿ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ.

“ಸಾರ್, ನಿಮ್ಮ ಪದಗಳ ಕೆಲಸ ಶುರು ಮಾಡಿದ್ದೀನಿ. ಆದರೆ ಒಂದು ಅನುಮಾನ. ನಾನು ಬರೀತಾ ಇರೋ ಲ್ಯಾಂಗ್ವೇಜು ಇನ್ನೂ ಒಂದಕ್ಕೆ ಬಂದಿಲ್ಲ, ಸೊನ್ನೆ ಪಾಯಿಂಟಿನಲ್ಲೇ ಇದೆ. ಕೆಲಸಕ್ಕೇನೋ ಬಹಳ ಚೆನ್ನಾಗಿದೆ. ನಿಮ್ಮ ಪದಗಳನ್ನ ಅದರ ಕೈಗೆ ಕೊಡಬಹುದೋ ಇಲ್ಲವೋ ನೀವೇ ಹೇಳಬೇಕು,” ಎಂದ.

“ಭಾಷೆ ಒಂದಕ್ಕೆ ಬರೋದು ಅಂದ್ರೆ ಏನಪ್ಪ?” ಎಂದೆ. ರೈಲು ಬಂತು. ಬೆಂಗಳೂರು ತಲುಪುವವರೆಗೂ ಅವನು ವಿವರಿಸಿದ. ಆಮೇಲೆ ನಾನೂ ಓದಿದೆ, ತಿಳಿಯದ ಕಡೆ ಅವನನ್ನು ಮತ್ತೆ ಮತ್ತೆ ಕೇಳಿದೆ. ಈ ಹೊತ್ತು ಹೇಳುತ್ತಿರುವುದು ಆ ಓದಿನ ಫಲ.

ಅವನು ‘ನಿಮ್ಮ ಪದಗಳು’ ಎಂದನಲ್ಲ, ಅವುಗಳ ಕತೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಕೆ.ಜಿ.ಎಫ್.ನ ಗಣಿಕಾರ್ಮಿಕರ ಮಾತು ತಮಿಳು, ತೆಲುಗು, ಕನ್ನಡ, ಇಂಗ್ಲಿಷುಗಳು ಬೆರೆತ ಒಂದು ವಿಚಿತ್ರ ಪಾಕ. ನೆಲದ ಮೇಲೆ ಬೇರೆ ಬೇರೆ ಮನೆಮಾತಿನವರು. ನೆಲದ ಕೆಳಗೆ, ಕೆಲವೆಡೆ ಮೂರು ಸಾವಿರ ಮೀಟರಿಗೂ ಮಿಕ್ಕ ಆಳದಲ್ಲಿ, ಒಬ್ಬರ ಮಾತು ಒಬ್ಬರಿಗೆ ತಟ್ಟನೆ ತಿಳಿಯದಿದ್ದರೆ ಪ್ರಾಣಕ್ಕೇ ಸಂಚಕಾರ. ಹಾಗೆ ಹುಟ್ಟಿದ ಪದಗಳನ್ನು ನಾನು ವರ್ಷಾನುಗಟ್ಟಲೆ ಚೀಟಿಗಳಲ್ಲಿ ಬರೆದಿಟ್ಟುಕೊಂಡೆ. 1990ರ ದಶಕದ ಕೊನೆಯಲ್ಲಿ ಅವನ್ನೆಲ್ಲ ಒಂದು ಕಡೆ ಗಣಕಕ್ಕೆ ಹಾಕಿಸಿದೆ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದಂಥವು. ಯಾವ ಸ್ಥಾನದಲ್ಲಿ ಯಾವ ಆಕೃತಿ ಎಂಬುದು ಮಾಡಿದವರ ಇಚ್ಛೆ. ಕೆಲವು ವರ್ಷಗಳಲ್ಲಿ ಆ ಫಾಂಟಿನ ಹೊಸ ಆವೃತ್ತಿ ಬಂತು, ಒಳಗಿನ ಜೋಡಣೆ ಬದಲಾಯಿತು. ನನ್ನ ಕಡತ ತೆರೆದರೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಷ್ಟರಲ್ಲಿ ಚೀಟಿಗಳ ಒಂದು ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು. ಆ ಪದಗಳನ್ನು ಹೇಳಿದ ಹಿರಿಯರಲ್ಲಿ ಹಲವರು ತೀರಿಕೊಂಡಿದ್ದರು. ಈ ಕಾರಣದಿಂದ ‘ನಂಬಬಹುದೋ ಇಲ್ಲವೋ’ ಎಂಬ ಪ್ರಶ್ನೆ ನನಗೆ ಬರಿಯ ಕುತೂಹಲದ್ದಾಗಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಎಂಜಿನಿಯರುಗಳು ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಎನ್ನುವ ಗಣಕಭಾಷೆಗೂ ನಮ್ಮ ಭಾಷೆಗಳಂತೆ ಪದಗಳುಂಟು, ವ್ಯಾಕರಣವುಂಟು, ವಾಕ್ಯರಚನೆಯುಂಟು. ಮನುಷ್ಯನು ಯಂತ್ರಕ್ಕೆ ‘ಇದನ್ನು ಹೀಗೆ ಮಾಡು’ ಎಂದು ಬರೆದುಕೊಡುವ ಆಜ್ಞಾಪತ್ರದ ನುಡಿ ಅದು. ದೊಡ್ಡ ವ್ಯತ್ಯಾಸವಿರುವುದು ಓದುಗನಲ್ಲಿ. ನಮ್ಮ ಓದುಗರು ಸಹೃದಯರು. ಬರೆದವನು ವಿಭಕ್ತಿ ತಪ್ಪಿದರೂ ಅಭಿಪ್ರಾಯವನ್ನು ಹಿಡಿದುಕೊಳ್ಳುತ್ತಾರೆ. ಯಂತ್ರಕ್ಕೆ ಸಹೃದಯತೆ ಇಲ್ಲ. ಒಂದು ಆವರಣ ಚಿಹ್ನೆ ತಪ್ಪಿದರೂ ‘ನನಗೆ ತಿಳಿಯದು’ ಎಂದು ನಿಂತುಬಿಡುತ್ತದೆ. ಹಳಗನ್ನಡದ ವ್ಯಾಕರಣ ಶತಮಾನಗಳ ಕಾಲ ಮೆಲ್ಲಮೆಲ್ಲನೆ ಬದಲಾಯಿತು. ಅದರಿಂದ ಪಂಪನ ಕಾವ್ಯ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನಿಂತುಹೋಗಲಿಲ್ಲ. ಟೀಕು ಟಿಪ್ಪಣಿಗಳ ಊರುಗೋಲು ಹಿಡಿದು ಇಂದಿಗೂ ನಡೆಯುತ್ತಿದೆ. ಗಣಕಭಾಷೆಯ ವ್ಯಾಕರಣ ನಿನ್ನೆಯಿಂದ ಇವತ್ತಿಗೆ ಬದಲಾದರೆ, ನಿನ್ನೆ ಬರೆದ ಗ್ರಂಥ ಇವತ್ತು ನಿಂತೇ ಹೋಗಬಹುದು.

ಆದ್ದರಿಂದ ಅಲ್ಲಿ ಆವೃತ್ತಿಗಳಿಗೆ ಸಂಖ್ಯೆ ಕೊಡುವ ಪದ್ಧತಿ ಬಂತು. ಸಾಮಾನ್ಯ ರೂಢಿ ಇದು: ಸಂಖ್ಯೆ ಸೊನ್ನೆಯಿಂದ ಆರಂಭವಾಗಿದ್ದರೆ, 0.3, 0.9 ಹೀಗೆ, ಅದು ಕರಡು ಪ್ರತಿ. ಏನು ಬೇಕಾದರೂ ಬದಲಾಗಬಹುದು. 1.0 ಬಂತೆಂದರೆ ಭಾಷೆ ಬಲಿಯಿತು ಎಂದು ಸಾರಿದಂತೆ. ಅಲ್ಲಿಂದ ಮುಂದೆ ಮೊದಲಂಕಿ ಬದಲಾದರೆ ಹಳೆಯ ಬರವಣಿಗೆಗೆ ಅಪಾಯವುಂಟು. ಚುಕ್ಕೆಯ ಅನಂತರದ ಅಂಕಿ ಬದಲಾದರೆ ಏನೋ ಹೊಸದು ಸೇರಿದೆ, ಹಳೆಯದಕ್ಕೆ ಬಾಧಕವಿಲ್ಲ. ಎಲ್ಲ ಭಾಷೆಗಳೂ ಇದನ್ನು ಅಕ್ಷರಶಃ ಪಾಲಿಸುವುದಿಲ್ಲವಾದರೂ, ಸೊನ್ನೆಯಿಂದ ಒಂದಕ್ಕೆ ದಾಟುವ ಆ ಒಂದು ಹೆಜ್ಜೆಯನ್ನು ಯಾರೂ ಲಘುವಾಗಿ ಎಣಿಸುವುದಿಲ್ಲ. ಆ ಹೆಜ್ಜೆಯನ್ನು ಯಾವಾಗ ಇಡಬೇಕು ಎಂಬಲ್ಲಿಯೇ ಜಿಜ್ಞಾಸೆ.

ದೋಷಗಳೆಲ್ಲ ಕಳೆದ ಮೇಲೆ ಎಂಬುದು ಮೊದಲು ಹೊಳೆಯುವ ಉತ್ತರ. ಚಿನ್ನದ ಊರಿನವರಿಗಂತೂ ಇದು ತೀರ ಸಹಜ. ಚಿನ್ನದ ಶುದ್ಧಿಯನ್ನು ಅಳೆಯಲು ಬೆಂಕಿಯ ಪರೀಕ್ಷೆಯೊಂದಿದೆ. ತೂಗಿದ ಮಾದರಿಯನ್ನು ಸೀಸದೊಡನೆ ಸೇರಿಸಿ, ಮೂಳೆಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸವೂ ಇತರ ಹೀನಲೋಹಗಳೂ ಬಟ್ಟಲಿನೊಳಗೆ ಇಂಗಿ, ಚಿನ್ನಬೆಳ್ಳಿಗಳ ಮಣಿಯೊಂದು ಉಳಿಯುತ್ತದೆ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆದು, ಉಳಿದ ಚಿನ್ನವನ್ನು ಮತ್ತೆ ತೂಗಿದರೆ ಶುದ್ಧಿ ಎಷ್ಟೆಂದು ತಿಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಇಪ್ಪತ್ತನಾಲ್ಕು ಕ್ಯಾರೆಟ್ ಎಂದು ಮಾರುವ ಚಿನ್ನದ ಮೇಲೆ 999 ಎಂಬ ಮುದ್ರೆ ಇರುತ್ತದೆಯೇ ಹೊರತು 1000 ಎಂದು ಇರುವುದಿಲ್ಲ. ಒಂದು ಪಾಲು ಸಂಶಯವನ್ನು ಚಿನ್ನದವನೂ ಉಳಿಸಿಕೊಳ್ಳುತ್ತಾನೆ.

ಗಣಕದ ಲೋಕದಲ್ಲಿ ಈ ಸತ್ಯವನ್ನು ವಿನೋದದಿಂದ ಹೇಳಿದವರು ಅಮೆರಿಕದ ಡೊನಾಲ್ಡ್ ಕನೂತ್. ಪುಸ್ತಕಗಳ ಅಚ್ಚುಜೋಡಣೆಗಾಗಿ ಅವರು ‘ಟೆಕ್’ ಎಂಬ ವ್ಯವಸ್ಥೆಯನ್ನು ರಚಿಸಿದರು. ಅದಕ್ಕೆ ಅದರದೇ ಭಾಷೆಯುಂಟು. 1990ರಲ್ಲಿ ಮೂರನೆಯ ಆವೃತ್ತಿ ಬಂದ ಮೇಲೆ ಇನ್ನು ಹೊಸದೇನನ್ನೂ ಸೇರಿಸುವುದಿಲ್ಲ, ತಪ್ಪುಗಳನ್ನು ಮಾತ್ರ ತಿದ್ದುತ್ತೇನೆ ಎಂದರು. ಆಮೇಲೆ ತಿದ್ದಿದಾಗಲೆಲ್ಲ ಆವೃತ್ತಿಯ ಸಂಖ್ಯೆಗೆ ಒಂದೊಂದು ಅಂಕಿ ಸೇರುತ್ತ ಹೋಯಿತು: 3.1, 3.14, 3.141. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಅದು ಸಮೀಪಿಸುತ್ತಿದೆ. 2021ರ ತಿದ್ದುಪಡಿಯ ಸಂಖ್ಯೆ 3.141592653. ತಮ್ಮ ಮರಣಾನಂತರ ಆ ಪೂರ್ಣ ಪ್ರಮಾಣವನ್ನೇ ಸಂಖ್ಯೆಯಾಗಿ ಇಟ್ಟುಬಿಡಬೇಕು, ಆಗ ಉಳಿದಿರುವ ದೋಷಗಳನ್ನು ಲಕ್ಷಣಗಳೆಂದೇ ತಿಳಿಯಬೇಕು ಎಂದು ಅವರು ತಿಳಿಸಿದ್ದಾರೆ. ಕೊನೆಯಿಲ್ಲದ ಸಂಖ್ಯೆಯನ್ನು ಆರಿಸಿಕೊಂಡದ್ದರಲ್ಲೇ ಅವರ ಉತ್ತರವಿದೆ. ನಿರ್ದೋಷತೆಯನ್ನು ಸಮೀಪಿಸಬಹುದು, ಮುಟ್ಟುವವರೆಗೆ ಕಾಯುತ್ತೇನೆಂದರೆ ಆ ದಿನ ಬರುವುದಿಲ್ಲ.

ಬೇಕಾದುದೆಲ್ಲ ಸೇರಿದ ಮೇಲೆ, ಭಾಷೆ ಸರ್ವಾಂಗಪೂರ್ಣವಾದ ಮೇಲೆ ಎಂಬುದು ಇನ್ನೊಂದು ಉತ್ತರ. ಇದನ್ನು ನಂಬಿ ನಡೆದ ಉದಾಹರಣೆಯೊಂದುಂಟು. ಪರ್ಲ್ ಎಂಬ ಜನಪ್ರಿಯ ಭಾಷೆಯ ಆರನೆಯ ಆವೃತ್ತಿಯನ್ನು ಮೂಲದಿಂದಲೇ ಹೊಸದಾಗಿ ಕಟ್ಟುವೆವೆಂದು ಅದರ ಕರ್ತೃ ಲ್ಯಾರಿ ವಾಲ್ 2000ದಲ್ಲಿ ಸಾರಿದರು. ಕ್ರಿಸ್‌ಮಸ್ಸಿಗೆ ಬರುತ್ತದೆ ಎನ್ನುತ್ತಿದ್ದರು. ಯಾವ ವರ್ಷದ ಕ್ರಿಸ್‌ಮಸ್ ಎಂದು ಹೇಳುತ್ತಿರಲಿಲ್ಲ. ಅದು ಬಂದದ್ದು 2015ರ ಡಿಸೆಂಬರ್ 25ರಂದು. ಹದಿನೈದು ವರ್ಷಗಳಲ್ಲಿ ಕಾದವರು ಬಹುಮಂದಿ ಬೇರೆ ಭಾಷೆಗಳಿಗೆ ಹೋಗಿದ್ದರು. 2019ರಲ್ಲಿ ಅದಕ್ಕೆ ಪರ್ಲ್ ಎಂಬ ಹೆಸರೂ ಉಳಿಯಲಿಲ್ಲ, ರಾಕು ಎಂದಾಯಿತು. ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಟದವರನ್ನು ಕೇಳಿ. ಎಳೆಗಾಯಿ ಕಿತ್ತರೆ ಸುಕ್ಕುತ್ತದೆ. ಮರದಲ್ಲೇ ಹಣ್ಣಾಗಲೆಂದು ಬಿಟ್ಟರೆ ಉದುರುತ್ತದೆ, ಇಲ್ಲವೆ ಗಿಳಿಯ ಪಾಲಾಗುತ್ತದೆ. ಅವರು ಕೀಳುವುದು ಬಲಿತ ಕಾಯನ್ನು. ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ.

ಹಾಗಾದರೆ ಬಲಿತದ್ದನ್ನು ಗುರುತಿಸುವುದು ಹೇಗೆ? ಬಳಕೆಯೇ ಅದನ್ನು ನಿರ್ಣಯಿಸುತ್ತದೆ ಎನ್ನುವವರುಂಟು. ಇದರಲ್ಲಿ ಬಹಳಷ್ಟು ಸತ್ಯವಿದೆ. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ‘ಮೇಕ್’ ಎಂಬ ಸಾಧನವೊಂದನ್ನು ಬರೆದರು. ಅದಕ್ಕೆ ಕೊಡುವ ಆಜ್ಞೆಗಳ ಸಾಲು ಬೆರಳಚ್ಚಿನ ಟ್ಯಾಬ್ ಕೀಲಿಯಿಂದಲೇ ಆರಂಭವಾಗಬೇಕೆಂಬ ನಿಯಮವಿಟ್ಟರು. ಬರಿಯ ಖಾಲಿ ಜಾಗಕ್ಕೂ ಟ್ಯಾಬಿಗೂ ಕಣ್ಣಿಗೆ ವ್ಯತ್ಯಾಸ ಕಾಣದು. ಆದ್ದರಿಂದ ಇದು ಒಳ್ಳೆಯ ನಿಯಮವಲ್ಲವೆಂದು ಅವರಿಗೇ ಬೇಗ ತೋರಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಜನ ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ನಿಯಮವನ್ನು ಹಾಗೆಯೇ ಬಿಟ್ಟರು. ಆ ಹನ್ನೆರಡು ಮಂದಿಯ ಸಲುವಾಗಿ ಉಳಿದ ನಿಯಮ ಇಂದಿಗೂ ಲೋಕದ ಅಸಂಖ್ಯ ಬರವಣಿಗೆಗಾರರನ್ನು ಕಾಡುತ್ತಿದೆ. ಯಾರೂ ಸಾರದಿದ್ದರೂ, ಸಂಖ್ಯೆ ಏನೇ ಇದ್ದರೂ, ಇತರರು ನೆಚ್ಚಿಕೊಂಡ ಕೂಡಲೇ ಒಂದು ಬಗೆಯ ಬಂಧ ಏರ್ಪಡುತ್ತದೆ. ನಿಮ್ಮದನ್ನು ಜನ ನಿಜವಾದ ಕೆಲಸಕ್ಕೆ ಬಳಸುತ್ತಿದ್ದರೆ ನೀವು ಇಷ್ಟರಲ್ಲಾಗಲೇ 1.0 ಎಂದು ಹೇಳಿಕೊಂಡಿರಬೇಕಿತ್ತು ಎಂಬರ್ಥದ ಮಾತು ಈ ಸಂಖ್ಯಾಪದ್ಧತಿಯ ನಿಯಮಾವಳಿಯಲ್ಲಿಯೂ ಇದೆ.

ಆದರೂ ಬಳಕೆಯೊಂದೇ ಸಾಲದು. ನನ್ನ ಪದಗಳನ್ನು ಕೆಡಿಸಿದ ಫಾಂಟನ್ನೂ ಆ ಕಾಲದಲ್ಲಿ ಬಹಳ ಜನ ಬಳಸುತ್ತಿದ್ದರು. ಜನ ನೆಚ್ಚಿದ್ದಾರೆಂಬುದು ಒಂದು ಸಂಗತಿ; ನೆಚ್ಚಿದವರಿಗೆ ಮಾತು ಕೊಟ್ಟಿದ್ದಾರೆಯೇ ಎಂಬುದು ಇನ್ನೊಂದು. ಇಲ್ಲಿ ನಮ್ಮ ಕನ್ನಡದ ಒಂದು ಪದವೇ ನನಗೆ ದಾರಿ ತೋರಿಸಿತು. ‘ಭಾಷೆ’ ಎಂದರೆ ನುಡಿ; ‘ಭಾಷೆ’ ಎಂದರೆ ವಚನವೂ ಹೌದು. ಭಾಷೆ ಕೊಟ್ಟ, ಭಾಷೆಗೆ ತಪ್ಪಿದ ಎನ್ನುತ್ತೇವೆ. ಹುಲಿಗೆ ಕೊಟ್ಟ ಭಾಷೆಗಾಗಿ ಹಿಂದಿರುಗಿದ ಪುಣ್ಯಕೋಟಿಯ ಕತೆ ಕೇಳದ ಕನ್ನಡಿಗರು ವಿರಳ. ಗಣಕಭಾಷೆ ಬಲಿತಿದೆ ಎನ್ನುವುದಕ್ಕೆ ನನಗೆ ತೋರುವ ಲಕ್ಷಣ ಇದೇ: ಅದು ಭಾಷೆ ಕೊಟ್ಟಿದೆಯೇ? ‘ಇವತ್ತು ನೀನು ನನ್ನಲ್ಲಿ ಬರೆದದ್ದು ನಾಳೆಯೂ ನಡೆಯುತ್ತದೆ’ ಎಂದು ಹೇಳಿದೆಯೇ? 1.0 ಎಂಬುದು ಇದುವರೆಗೆ ಸಾಧಿಸಿದ್ದಕ್ಕೆ ಕೊಟ್ಟ ಅಂಕಪಟ್ಟಿಯಲ್ಲ, ಮುಂದಿನ ಕಾಲಕ್ಕೆ ಬರೆದುಕೊಟ್ಟ ಕರಾರುಪತ್ರ.

ಇದನ್ನು ಕಾಗದದ ಮೇಲೆಯೇ ಬರೆದುಕೊಟ್ಟ ಭಾಷೆಗಳಿವೆ. ಗೂಗಲ್ ಸಂಸ್ಥೆಯಲ್ಲಿ ಹುಟ್ಟಿದ ‘ಗೋ’ ಎಂಬ ಭಾಷೆ 2012ರ ಮಾರ್ಚ್ 28ರಂದು 1.0 ಆದಾಗ, ಅದರೊಡನೆ ಒಂದು ಪ್ರತಿಜ್ಞಾಪತ್ರವೂ ಬಂತು. ಮೊದಲ ಆವೃತ್ತಿಯ ನಿಯಮಗಳಿಗೆ ಅನುಸಾರವಾಗಿ ಬರೆದದ್ದು ಆ ನಿಯಮಗಳಿರುವವರೆಗೆ ತಿದ್ದುಪಡಿಯಿಲ್ಲದೆ ನಡೆಯುತ್ತದೆ ಎಂಬುದು ಅದರ ಸಾರ. ಭದ್ರತೆಗೆ ಧಕ್ಕೆ ಬಂದಾಗ ಏನು ಮಾಡುತ್ತೇವೆ ಎಂಬಂಥ ಅಪವಾದಗಳನ್ನೂ ಅದರಲ್ಲಿ ಮೊದಲೇ ಹೇಳಿದ್ದರು. ಭಾಷೆ ಕೊಡುವಾಗ ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನೂ ಹೇಳುವುದು ಪ್ರಾಮಾಣಿಕತೆಯ ಗುರುತು.

ಮಾತು ಕೊಟ್ಟ ಮೇಲೆ ಬೆಳವಣಿಗೆ ನಿಲ್ಲುವುದೇ ಎಂದು ಕೇಳಬಹುದು. ‘ರಸ್ಟ್’ ಎಂಬ ಭಾಷೆಯವರು ಇದಕ್ಕೆ ಬಂಗಾರಪೇಟೆಯವರಿಗೆ ಒಪ್ಪುವ ಉತ್ತರ ಕೊಟ್ಟಿದ್ದಾರೆ. 2012ರ ಜನವರಿಯಲ್ಲಿ 0.1 ಎಂದು ಹೊರಬಂದು, ಮೂರು ವರ್ಷ ಎಡೆಬಿಡದೆ ಬದಲಾಗಿ, 2015ರ ಮೇ 15ರಂದು ಅದು 1.0 ಆಯಿತು. ಅಲ್ಲಿಂದ ಆರು ವಾರಕ್ಕೊಂದು ಹೊಸ ಆವೃತ್ತಿ. ಅವರು ಅದನ್ನು ರೈಲಿನ ಪದ್ಧತಿಯೆಂದೇ ಕರೆಯುತ್ತಾರೆ. ರೈಲು ವೇಳೆಗೆ ಸರಿಯಾಗಿ ಹೊರಡುತ್ತದೆ. ಸಿದ್ಧವಾಗಿರುವ ಹೊಸ ಅಂಶಗಳು ಹತ್ತುತ್ತವೆ, ಸಿದ್ಧವಾಗದವು ಮುಂದಿನ ರೈಲಿಗೆ ಕಾಯುತ್ತವೆ. ಯಾರೊಬ್ಬರಿಗಾಗಿಯೂ ರೈಲನ್ನು ನಿಲ್ಲಿಸುವುದಿಲ್ಲ. ಹತ್ತಿ ಕುಳಿತವರನ್ನು ಇಳಿಸುವುದೂ ಇಲ್ಲ. ಹಳೆಯದಕ್ಕೆ ಹೊಂದದ ಬದಲಾವಣೆ ಬೇಕೇಬೇಕಾದಾಗ 2015, 2018, 2021, 2024 ಎಂದು ವರ್ಷದ ಹೆಸರಿನ ಪಾಠಗಳಿವೆ. ಬರೆಯುವವನು ತನ್ನದು ಯಾವ ಪಾಠವೆಂದು ಮೊದಲೇ ನಮೂದಿಸುತ್ತಾನೆ, ಯಂತ್ರ ಎಲ್ಲವನ್ನೂ ಬಲ್ಲದು. ಪುಟದ ತಲೆಯ ಮೇಲೆ ಇದು ಹಳಗನ್ನಡ, ಇದು ನಡುಗನ್ನಡ ಎಂದು ಬರೆದಿಟ್ಟರೆ ಓದುವವನು ಅದಕ್ಕೆ ತಕ್ಕ ವ್ಯಾಕರಣವನ್ನು ಹಿಡಿದುಕೊಳ್ಳುವಂತೆ.

‘ಜೂಲಿಯಾ’ ಎಂಬುದು ವಿಜ್ಞಾನಿಗಳ ಲೆಕ್ಕಾಚಾರಕ್ಕಾಗಿ ಹುಟ್ಟಿದ ಭಾಷೆ. ಅದರ ನಾಲ್ವರು ನಿರ್ಮಾಪಕರಲ್ಲಿ ಒಬ್ಬರಾದ ವಿರಲ್ ಷಾ ಆಧಾರ್ ಯೋಜನೆಯಲ್ಲಿ ದುಡಿದವರು. ನಮ್ಮ ನಂದನ್ ನಿಲೇಕಣಿಯವರೊಡನೆ ಸೇರಿ 2015ರಲ್ಲಿ ‘ರೀಬೂಟಿಂಗ್ ಇಂಡಿಯಾ’ ಎಂಬ ಪುಸ್ತಕ ಬರೆದವರು. 2012ರ ಫೆಬ್ರುವರಿಯಲ್ಲಿ ಲೋಕಕ್ಕೆ ಕಾಣಿಸಿಕೊಂಡ ಜೂಲಿಯಾ 1.0 ಆದದ್ದು 2018ರ ಆಗಸ್ಟಿನಲ್ಲಿ. ನನಗೆ ಹಿಡಿಸಿದ್ದು ಅವರು ಹೊಸ್ತಿಲು ದಾಟಿದ ರೀತಿ. 1.0ರ ಜೊತೆಜೊತೆಗೇ 0.7 ಎಂಬ ಆವೃತ್ತಿಯನ್ನೂ ಕೊಟ್ಟರು. ಎರಡರ ವ್ಯಾಕರಣವೂ ಬಹುತೇಕ ಒಂದೇ. ಆದರೆ 0.7 ಹಳೆಯ ಪ್ರಯೋಗವನ್ನು ಕಂಡಾಗ ಕೆಲಸ ನಿಲ್ಲಿಸದೆ, ‘ಇದು ಇನ್ನು ಸಲ್ಲದು, ಹೀಗೆ ಬರೆ’ ಎಂದು ಎಚ್ಚರಿಸುತ್ತಿತ್ತು, 1.0 ಅಂಥ ಪ್ರಯೋಗಗಳನ್ನು ಕೈಬಿಟ್ಟಿತ್ತು. ಬಾಗಿಲು ಹಾಕುವ ಮುನ್ನ ಒಳಗಿದ್ದವರನ್ನು ಕೂಗಿ ಕರೆದಂತೆ.

ಕೊಟ್ಟ ಮಾತಿಗೆ ಬೆಲೆ ತೆರಬೇಕು. ಅದನ್ನು ನಮ್ಮ ಕನ್ನಡವೇ ತೆತ್ತಿದೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯನ್ನು ಕೇಳುಗರು ಬಲ್ಲರು. ಇಂದು ಮೊಬೈಲಿನಲ್ಲಿ ಕನ್ನಡ ಓಡಾಡುವುದು ಅದರ ಮೇಲೆಯೇ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯಾದ ಲಿಪಿಯ ಸಾವಿರಾರು ಅಕ್ಷರಗಳನ್ನು ಮೊದಲಿನ ಸ್ಥಾನದಿಂದ ಬೇರೆಡೆಗೆ ಸರಿಸಿದರು. ಅದುವರೆಗೆ ಹಳೆಯ ಸಂಖ್ಯೆಗಳಲ್ಲಿ ಬರೆದಿಟ್ಟಿದ್ದ ಕೊರಿಯನ್ ಬರಹಕ್ಕೆ ಆದದ್ದು, ನನ್ನ ಪದಗಳಿಗೆ ಆದ ಗತಿಯೇ. ಆ ಅನುಭವದ ಮೇಲೆ ನಿಯಮ ಬಂತು: ಒಮ್ಮೆ ಕೊಟ್ಟ ಅಕ್ಷರವನ್ನು ತೆಗೆಯುವುದಿಲ್ಲ, ಸ್ಥಾನ ಬದಲಿಸುವುದಿಲ್ಲ, ಇಟ್ಟ ಹೆಸರನ್ನೂ ಬದಲಿಸುವುದಿಲ್ಲ.

ಈಗ ನಮ್ಮ ೞಕಾರವನ್ನು ನೋಡಿ. ಮೞೆ, ಬಾೞ್ ಎನ್ನುವಲ್ಲಿ ಹಳಗನ್ನಡದವರು ಬರೆಯುತ್ತಿದ್ದ, ಕೇಶಿರಾಜನು 13ನೆಯ ಶತಮಾನದಲ್ಲಿ ರಳವೆಂದು ಕರೆದು ವಿವೇಚಿಸಿದ ಅಕ್ಷರ. ಯೂನಿಕೋಡಿನ ಪಟ್ಟಿಯಲ್ಲಿ ಅದಕ್ಕೆ ‘ಕನ್ನಡದ ಫ಼ ಅಕ್ಷರ’ ಎಂದು ಹೆಸರು ಬಿದ್ದಿದೆ. ಫ್ಯಾನು, ಫೀಸು ಎನ್ನುವಲ್ಲಿಯ ಫ! ಯಾರದೋ ಕಣ್ತಪ್ಪು. ಆದರೆ ಹೆಸರು ಬದಲಿಸುವುದಿಲ್ಲವೆಂದು ಮಾತು ಕೊಟ್ಟಾಗಿದೆ. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಸರಿಯಾದ ಪರ್ಯಾಯನಾಮವನ್ನು ಅಧಿಕೃತವಾಗಿ ಸೇರಿಸಿದ್ದಾರೆ. ಮೊದಲು ಇದನ್ನು ಓದಿದಾಗ ಕನ್ನಡ ಮೇಷ್ಟರಾಗಿ ನನಗೆ ಸಿಟ್ಟೇ ಬಂತು. ನಮ್ಮ ತರಗತಿಯಲ್ಲಿ ಆ ಧ್ವನಿಯನ್ನು ಸರಿಯಾಗಿ ಉಚ್ಚರಿಸುತ್ತಿದ್ದವನು ಈ ತಮಿಳು ಮನೆಮಾತಿನ ಹುಡುಗನೇ. ಅವರ ಮಾತಿನಲ್ಲಿ ಅದು ಇನ್ನೂ ಜೀವಂತವಾಗಿದೆ. ಅವನೇ ನನ್ನನ್ನು ಸಮಾಧಾನ ಮಾಡಿದ: “ಹೆಸರು ತಪ್ಪಾಗಿದ್ದರೂ ಅಕ್ಷರ ಇದ್ದ ಜಾಗದಲ್ಲೇ ಇದೆಯಲ್ಲ ಸಾರ್. ನೀವು ಇವತ್ತು ಬರೆದ ಮೞೆ ನಿಮ್ಮ ಮೊಮ್ಮಕ್ಕಳಿಗೂ ಮೞೆಯಾಗಿಯೇ ಕಾಣುತ್ತೆ.” ಹೊಸದನ್ನು ಸೇರಿಸಲು ಅಡ್ಡಿಯಿಲ್ಲ, 2021ರಲ್ಲಿ ಹಳೆಯ ಬರಹಗಳ ನಕಾರಪೊಲ್ಲನ್ನೂ ಸೇರಿಸಿದರು. ಇದ್ದುದನ್ನು ಕದಲಿಸುವಂತಿಲ್ಲ, ಅಷ್ಟೆ.

ಮಾತು ಮುರಿಯಲೇಬೇಕಾದ ಸಂದರ್ಭಗಳೂ ಇಲ್ಲದಿಲ್ಲ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಹಾಕಿದ ರೈಲುಹಳಿಯ ಅಗಲ ಎರಡೂವರೆ ಅಡಿ. ಬೆಂಗಳೂರು–ಮದರಾಸು ಹಳಿಯ ಅಗಲ ಐದೂವರೆ ಅಡಿ. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಜನರೂ ಸರಕೂ ಇಲ್ಲಿ ಇಳಿದು ಹತ್ತಲೇಬೇಕು. ದಶಕಗಳು ಕಳೆದ ಮೇಲೆ ಅದನ್ನು ಅಗಲ ಮಾಡಿದರು. ಒಳ್ಳೆಯದೇ ಆಯಿತು, ಆದರೆ ಹಳೆಯ ಗಾಡಿಗಳಾವುವೂ ಅಲ್ಲಿ ಓಡಲಿಲ್ಲ. ಪೈಥಾನ್ ಎಂಬ ಬಹುಜನಪ್ರಿಯ ಭಾಷೆಯಲ್ಲಿ ನಡೆದದ್ದು ಇಂಥದೇ. 2008ರ ಡಿಸೆಂಬರಿನಲ್ಲಿ ಬಂದ ಅದರ ಮೂರನೆಯ ಆವೃತ್ತಿ ಎರಡನೆಯದಕ್ಕೆ ಹೊಂದುತ್ತಿರಲಿಲ್ಲ. ಕಾರಣಗಳಲ್ಲಿ ಒಂದು, ಇಂಗ್ಲಿಷಲ್ಲದ ಲಿಪಿಗಳನ್ನೂ ಯೂನಿಕೋಡಿನ ಮೂಲಕ ಸಹಜವಾಗಿ ನಡೆಸಿಕೊಳ್ಳಬೇಕೆಂಬುದು. ಕನ್ನಡಕ್ಕೆ ಅದರಿಂದ ಲಾಭವೇ. ಆದರೂ ಎರಡು ಅಳತೆಯ ಹಳಿಗಳು ಅಕ್ಕಪಕ್ಕದಲ್ಲೇ ಓಡಿ, ಎರಡನೆಯ ಆವೃತ್ತಿಯ ಪೋಷಣೆ ಮುಗಿದದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷ ಹಿಡಿಯಿತು. ಸದುದ್ದೇಶದಿಂದ ಮುರಿದ ಮಾತಿಗೂ ಇಷ್ಟು ದಂಡ.

ಇನ್ನೊಂದು ಮಾತಿದೆ. ಕೊಟ್ಟ ಭಾಷೆ ನಿಲ್ಲುವುದು ಕೊಟ್ಟವರು ನಿಂತಿರುವಷ್ಟು ಕಾಲ. ಇದನ್ನು ಕೆ.ಜಿ.ಎಫ್.ನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1880ರ ದಶಕದಿಂದ ತಲೆಮಾರುಗಳು ನೆಚ್ಚಿಕೊಂಡಿದ್ದ ಗಣಿ 2001ರ ಫೆಬ್ರುವರಿಯ ಅಂತ್ಯಕ್ಕೆ ನಿಂತಿತು. ಗಣಿ ಎಂದೂ ಮುಚ್ಚದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಜನ ಹಾಗೆಂದು ನಂಬಿದ್ದರು. ಅದರಿಂದ ಭಾಷೆಯ ಮಾತನ್ನು ಕೇಳುವಾಗಲೂ, ಅದನ್ನು ಕಾಯುವವರು ಒಂದೇ ಒಡೆಯರೋ, ಹಲವರೋ ಎಂದು ವಿಚಾರಿಸಬೇಕು. 1957ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಹುಟ್ಟಿದ ಫೋರ್ಟ್ರಾನ್ ಮೊದಲ ವರ್ಷಗಳಲ್ಲಿ ಯಂತ್ರಕ್ಕೊಂದು ಉಪಭಾಷೆಯಾಗಿ ಒಡೆದಿತ್ತು. 1966ರಲ್ಲಿ ಅಮೆರಿಕದ ಪ್ರಮಾಣಕ ಸಂಸ್ಥೆ ಅದಕ್ಕೆ ಎಲ್ಲರೂ ಒಪ್ಪುವ ವ್ಯಾಕರಣವನ್ನು ಬರೆಸಿತು. ಅಲ್ಲಿಂದ ಅದು ಯಾವ ಒಂದು ಸಂಸ್ಥೆಯ ಸೊತ್ತಾಗಿಯೂ ಉಳಿಯಲಿಲ್ಲ. ಅದರ ಹೊಸ ಪ್ರಮಾಣಕ ಬಂದದ್ದು 2023ರಲ್ಲಿ. ಹೆತ್ತವರ ಆಯುಷ್ಯವನ್ನು ಮೀರಿ ಬಾಳುವ ಬಗೆ ಇದು.

ಇಷ್ಟನ್ನು ತಿಳಿದ ಮೇಲೆ ಹುಡುಗನಿಗೆ ಉತ್ತರ ಹೇಳಿದೆ. ಪದಗಳು, ಅವುಗಳ ಅರ್ಥ, ಹೇಳಿದವರ ಹೆಸರು, ದಿನಾಂಕ ಇವೆಲ್ಲ ಯೂನಿಕೋಡಿನ ಸರಳ ಬರಹದಲ್ಲಿ ಬೇರೆಯಾಗಿಯೇ ಇರಲಿ. ಅಲ್ಲಿ ಮಾತು ಕೊಟ್ಟವರಿದ್ದಾರೆ. ಅವನ್ನು ಹುಡುಕುವ, ಹೊಂದಿಸುವ, ತೋರಿಸುವ ಪ್ರೋಗ್ರಾಮನ್ನು ಬೇಕಾದರೆ ಆ ಎಳೆಯ ಭಾಷೆಯಲ್ಲೇ ಬರಿ. ನಾಳೆ ಅದರ ವ್ಯಾಕರಣ ಬದಲಾದರೆ ನಿನ್ನ ಶ್ರಮ ಸ್ವಲ್ಪ ಹೋದೀತು, ಹಿರಿಯರ ಮಾತು ಹೋಗುವುದಿಲ್ಲ. ಎಳೆಯ ಭಾಷೆಯಲ್ಲಿ ಬರೆಯುವವರೇ ಇಲ್ಲದಿದ್ದರೆ ಅದು ಬಲಿಯುವುದೂ ಇಲ್ಲ. ಯಾರಾದರೂ ಅದರ ತಪ್ಪುಗಳನ್ನು ಕಂಡು ಹೇಳಬೇಕಷ್ಟೆ. ಸಾಮಾನ್ಯ ಓದುಗರಿಗೂ ಇಷ್ಟೇ ನನ್ನ ಸಲಹೆ. ನಿಮ್ಮ ಬರಹ, ಲೆಕ್ಕ, ವಂಶಾವಳಿ ಯಾವುದನ್ನಾದರೂ ಯಂತ್ರದ ಕೈಗೆ ಕೊಡುವಾಗ ‘ಇದು ಚೆನ್ನಾಗಿದೆಯೇ’ ಎಂದು ಕೇಳುವ ಜೊತೆಗೆ ‘ಇದು ಏನೆಂದು ಮಾತು ಕೊಟ್ಟಿದೆ’ ಎಂದೂ ಕೇಳಿ.

ಅವನು ಸುಮ್ಮನಿರಲಿಲ್ಲ. ಚೀಟಿಗಳನ್ನು ಕೊಂಡೊಯ್ಯಲು ಮನೆಗೆ ಬಂದವನು ಕೇಳಿದ: “ಸಾರ್, ನಿಮ್ಮ ಪದಕೋಶ ಒಂದಕ್ಕೆ ಬರೋದು ಯಾವಾಗ?”

ನನ್ನ ಬಳಿ ಉತ್ತರವಿರಲಿಲ್ಲ. ಇನ್ನೂ ನಾಲ್ಕು ಜನರನ್ನು ಕೇಳಬೇಕು, ಆ ಒಂದು ಪದದ ಮೂಲ ಖಚಿತವಾಗಬೇಕು, ಮುನ್ನುಡಿ ತಿದ್ದಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದಿದ್ದವು. ಕ್ರಿಸ್‌ಮಸ್ಸಿಗೆ ಬರುತ್ತದೆ ಎನ್ನುತ್ತ ವರ್ಷ ಹೇಳದವರನ್ನು ಕಂಡು ನಕ್ಕಿದ್ದೆನಲ್ಲ, ನಾನೂ ಅವರ ಸಾಲಿನವನೇ. ಪದಗಳನ್ನು ಹೇಳಿಕೊಟ್ಟ ಹಲವರು ಅವನ್ನು ಅಚ್ಚಿನಲ್ಲಿ ನೋಡದೆಯೇ ಹೋದರು. ಅವರ ಮಕ್ಕಳು ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ.

ಆ ಸಂಜೆ ಇಬ್ಬರೂ ಕುಳಿತು ನಿಶ್ಚಯಿಸಿದೆವು. ಉಳಿದಿರುವ ಪದಗಳಿಗೆಲ್ಲ ಕ್ರಮಸಂಖ್ಯೆ ಕೊಡುವುದು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೆ ಪದಕ್ಕೆ ಕೊಡದಿರುವುದು. ತಪ್ಪು ಕಂಡರೆ ಅಳಿಸದೆ, ಪಕ್ಕದಲ್ಲಿ ತಿದ್ದುಪಡಿ ಬರೆಯುವುದು. ಹೊಸ ಪದಗಳು ಕೊನೆಗೆ ಸೇರುತ್ತ ಹೋಗಲಿ. ಈ ಮಾತುಗಳನ್ನೇ ಮೊದಲ ಪುಟದಲ್ಲಿ ಹಾಕಿ, ಬರುವ ಯುಗಾದಿಗೆ ಪುಸ್ತಕವನ್ನು ಅಚ್ಚಿಗೆ ಕೊಡುವುದು. ಯಾವ ವರ್ಷದ ಯುಗಾದಿ ಎಂದು ಹುಡುಗ ಚೀಟಿಯ ಮೇಲೆ ಬರೆಸಿಕೊಂಡು ಹೋಗಿದ್ದಾನೆ.